ಸೇಂಟ್ ಮಾರ್ಕ್ಸ್ ವನ್ಯಜೀವಿಧಾಮ: ಬಾಗಿಲು ತೆರೆದಿದೆಯೇ ಎಂದು ವಿಚಾರಿಸಿಕೊಂಡೇ ಹೊರಡಬೇಕಾದ ಕಡಲಂಚು

ಫ್ಲಾರಿಡಾದ ಸೇಂಟ್ ಮಾರ್ಕ್ಸ್ ರಾಷ್ಟ್ರೀಯ ವನ್ಯಜೀವಿಧಾಮಕ್ಕೆ ನಾನು ಮೂರು ಸಲ ಹೊರಟಿದ್ದೇನೆ, ಎರಡು ಸಲ ತಲುಪಿದ್ದೇನೆ. 2022ರ ಅಕ್ಟೋಬರ್‌ನಲ್ಲಿ ಒಂದು ದಿನ, 2025ರ ಫೆಬ್ರುವರಿಯಲ್ಲಿ ಎರಡು ದಿನ ಅಲ್ಲಿ ಕಳೆದೆ. ಇವೆರಡರ ನಡುವೆ, 2024ರ ಸೆಪ್ಟೆಂಬರ್‌ನಲ್ಲಿ ಹೊರಟಾಗ ಹೆಲೀನ್ ಚಂಡಮಾರುತವೂ ಅದೇ ಕರಾವಳಿಯತ್ತ ಹೊರಟಿತ್ತು. ಸುಮಾರು 40 ಕಿಲೋಮೀಟರ್ ದೂರದ ಟ್ಯಾಲಹಾಸಿ ನಗರದಿಂದಲೇ ಹಿಂತಿರುಗಬೇಕಾಯಿತು. ಮೂರೂ ಪ್ರಯಾಣಗಳನ್ನು ಒಟ್ಟಿಗಿಟ್ಟು ನೋಡಿದ ಮೇಲೆ ನನಗೆ ತೋಚಿದ್ದು ಇಷ್ಟು: ಈ ಜಾಗವನ್ನು ನೋಡಲೇಬೇಕು, ಆದರೆ ನಾವು ಗೊತ್ತುಮಾಡಿದ ದಿನಕ್ಕೆ ಅದು ಸಿಕ್ಕೇ ಸಿಗಬೇಕೆಂದು ಹಟ ಹಿಡಿಯಬಾರದು. ಇಲ್ಲಿನ ಜೀವವೈವಿಧ್ಯಕ್ಕೆ ಯಾವುದು ಕಾರಣವೋ ಬಾಗಿಲು ಮುಚ್ಚಿಸುವುದೂ ಅದೇ. ಆದ್ದರಿಂದ ಬಿರುಗಾಳಿಯ ಕಾಲದ ಮುಚ್ಚುವಿಕೆಯನ್ನು ಕೊರತೆಯೆಂದು ಎಣಿಸಿ ಅಂಕ ಕಳೆಯಲು ನನಗೆ ಮನಸ್ಸಿಲ್ಲ.

ಮೊದಲು ಜಾಗದ ಪರಿಚಯ. ಮೆಕ್ಸಿಕೊ ಕೊಲ್ಲಿಯ ಈಶಾನ್ಯ ಮೂಲೆಯಲ್ಲಿ, ಫ್ಲಾರಿಡಾ ಪರ್ಯಾಯ ದ್ವೀಪವು ಮುಖ್ಯ ಭೂಭಾಗಕ್ಕೆ ಕೂಡಿಕೊಳ್ಳುವ ತಿರುವಿನಲ್ಲಿ ಅಪಲಾಚಿ ಎಂಬ ಕೊಲ್ಲಿಯಿದೆ. ಅದರ ದಂಡೆಯುದ್ದಕ್ಕೂ ವಕಲಾ, ಜೆಫರ್ಸನ್ ಮತ್ತು ಟೇಲರ್ ಎಂಬ ಮೂರು ಕೌಂಟಿಗಳಲ್ಲಿ 68 ಸಾವಿರ ಎಕರೆಗೂ ಹೆಚ್ಚು ವಿಸ್ತಾರಕ್ಕೆ ಈ ವನ್ಯಜೀವಿಧಾಮ ಹರಡಿಕೊಂಡಿದೆ. ಉತ್ತರದಿಂದ ವಲಸೆ ಬರುವ ಬಾತುಕೋಳಿಗಳಿಗೆ ಚಳಿಗಾಲದ ನೆಲೆ ಬೇಕೆಂದು 1931ರಲ್ಲಿ ಇದನ್ನು ಸ್ಥಾಪಿಸಿದರು. ಅಮೆರಿಕದ ವನ್ಯಜೀವಿಧಾಮಗಳ ವ್ಯವಸ್ಥೆಯಲ್ಲಿ ಇದು ಹಳೆಯವುಗಳ ಸಾಲಿಗೆ ಸೇರುತ್ತದೆ. ರಾಷ್ಟ್ರೀಯ ಉದ್ಯಾನಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ಮೊದಲೇ ತಿಳಿದುಕೊಂಡಿದ್ದರೆ ನಿರಾಸೆಯಾಗುವುದಿಲ್ಲ. ಉದ್ಯಾನದಲ್ಲಿ ಸಂದರ್ಶಕರ ಅನುಕೂಲಕ್ಕೂ ಸಮಾನವಾದ ಗಮನವಿರುತ್ತದೆ. ವನ್ಯಜೀವಿಧಾಮದಲ್ಲಿ ಪ್ರಾಣಿಪಕ್ಷಿಗಳ ಹಿತ ಮೊದಲು, ನಾವು ಬಂದುಹೋಗುವವರು. ಊಟದ ಅಂಗಡಿ, ತಂಗುವ ಕೋಣೆ, ಸುತ್ತಾಡಿಸುವ ಬಸ್ಸು ಇವುಗಳನ್ನು ಇಲ್ಲಿ ಹುಡುಕಬೇಡಿ.

ಪ್ರವೇಶ ಶುಲ್ಕ ಒಂದು ಕಾರಿಗೆ 5 ಡಾಲರ್. ಅದನ್ನು ಕೊಡುವ ಬದಲು 25 ಡಾಲರ್ ಬೆಲೆಯ ಫೆಡರಲ್ ಡಕ್ ಸ್ಟ್ಯಾಂಪ್ ಕೊಳ್ಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಬಾತುಕೋಳಿ ಬೇಟೆಗಾರರು ಕಡ್ಡಾಯವಾಗಿ ಕೊಳ್ಳಬೇಕಾದ ಈ ಚೀಟಿಯನ್ನು ಬಂದೂಕು ಮುಟ್ಟದವರೂ ಕೊಳ್ಳಬಹುದು. ಕೊಂಡ ಮೇಲೆ ಬರುವ ಜೂನ್ ಕೊನೆಯವರೆಗೆ, ಪ್ರವೇಶ ಶುಲ್ಕವಿರುವ ಎಲ್ಲ ರಾಷ್ಟ್ರೀಯ ವನ್ಯಜೀವಿಧಾಮಗಳಿಗೂ ಅದೇ ಟಿಕೆಟ್ ಆಗುತ್ತದೆ, ಮತ್ತು ಅದರ ಹಣದಲ್ಲಿ ಶೇಕಡ 98ರಷ್ಟು ಜೌಗುನೆಲಗಳನ್ನು ಕೊಂಡು ಕಾಪಾಡಲು ಹೋಗುತ್ತದೆ. ಬೇಟೆಗಾರರ ಹಣದಿಂದ ಹಕ್ಕಿಗಳ ನೆಲ ಉಳಿಯುವ ಈ ಏರ್ಪಾಡು ಸಸ್ಯಾಹಾರಿಯಾದ ನನಗೆ ಮೊದಲು ವಿಚಿತ್ರವೆನಿಸಿತ್ತು. ಆ ನೆಲದಲ್ಲಿ ಓಡಾಡಿದ ಮೇಲೆ ತಕರಾರು ಎತ್ತುವುದನ್ನು ಬಿಟ್ಟೆ.

ದಾರಿಯ ಬಗ್ಗೆ ಒಂದು ಎಚ್ಚರಿಕೆ ಕೊಡಬೇಕು. ಸೇಂಟ್ ಮಾರ್ಕ್ಸ್ ಎಂಬ ಹೆಸರಿನ ಚಿಕ್ಕ ಊರೊಂದು ಅದೇ ಹೆಸರಿನ ನದಿಯ ಪಶ್ಚಿಮ ದಡದಲ್ಲಿದೆ, ವನ್ಯಜೀವಿಧಾಮದ ಮುಖ್ಯ ರಸ್ತೆಯಿರುವುದು ಪೂರ್ವಕ್ಕೆ. ಫೋನಿನ ನಕ್ಷೆಯಲ್ಲಿ ಬರಿಯ ಹೆಸರನ್ನು ಕೊಟ್ಟರೆ ಊರಿಗೆ ಹೋಗಿ, ನದಿಯ ಆಚೆಗೆ ನೋಡುತ್ತ ನಿಲ್ಲಬೇಕಾಗುತ್ತದೆ. ಮೊದಲ ಸಲ ನಾವು ನಿಂತದ್ದು ಹಾಗೆಯೇ. ನ್ಯೂಪೋರ್ಟ್ ಎಂಬಲ್ಲಿ 98ನೇ ಹೆದ್ದಾರಿಯಿಂದ ದಕ್ಷಿಣಕ್ಕೆ ತಿರುಗುವ ಲೈಟ್‌ಹೌಸ್ ರಸ್ತೆಯನ್ನು ಹಿಡಿಯಬೇಕು. ಆ ರಸ್ತೆಯಲ್ಲಿ ಮೊದಲು ಸಂದರ್ಶಕರ ಕೇಂದ್ರ ಸಿಗುತ್ತದೆ, ಅಲ್ಲಿಂದ ಸುಮಾರು 7 ಮೈಲಿ ಮುಂದೆ ಹೋದರೆ ಕಡಲು ಮತ್ತು ದೀಪಸ್ತಂಭ.

ಆ 7 ಮೈಲಿ ರಸ್ತೆಗಾಗಿಯೇ ಇಷ್ಟು ದೂರ ಬರಬಹುದು. ಇಲ್ಲಿನ ನೆಲ ಎಷ್ಟು ಸಮತಟ್ಟಾಗಿದೆಯೆಂದರೆ, ಒಂದು ಗೇಣು ಎತ್ತರ ಬದಲಾದರೆ ಸಾಕು, ಬೆಳೆಯುವ ಗಿಡಮರಗಳೇ ಬೇರೆ. ಕೇಂದ್ರದ ಸುತ್ತಮುತ್ತ ಪೈನ್ ಕಾಡು, ತಗ್ಗಿನಲ್ಲಿ ನೀರು ನಿಂತ ಕಡೆ ಅಗಲ ಎಲೆಯ ಮರಗಳ ಕತ್ತಲೆ. ಸ್ವಲ್ಪ ಮುಂದೆ ಹೋದರೆ ಕಾಡು ಸರಿದು ಎರಡೂ ಬದಿಗೆ ಸಿಹಿನೀರಿನ ಕೆರೆಗಳು ತೆರೆದುಕೊಳ್ಳುತ್ತವೆ. ಅವುಗಳ ಏರಿ ದಾಟಿದರೆ ಉಪ್ಪುನೀರಿನ ಜೌಗು. ಸೂಜಿಯಂತೆ ಮೊನಚಾದ ಬೂದುಬಣ್ಣದ ಜೊಂಡು ಕಣ್ಣು ಹರಿಯುವವರೆಗೆ ಒಂದೇ ಎತ್ತರಕ್ಕೆ ಬೆಳೆದು ನಿಂತಿದೆ, ನಡುನಡುವೆ ನೆಲ ತುಸು ಉಬ್ಬಿದಲ್ಲಿ ದ್ವೀಪಗಳಂತೆ ಸೇಬಲ್ ತಾಳೆಯ ಗುಂಪುಗಳು. ಕೊನೆಗೆ ಇಳಿತದ ಹೊತ್ತಿನಲ್ಲಿ ಹೊಳೆಯುವ ಕೆಸರುಬಯಲು, ಅದರಾಚೆ ನೀರಿನಡಿಯಲ್ಲಿ ಕಡಲಹುಲ್ಲಿನ ಮಾಳ. ಹತ್ತಾರು ಗಂಟೆ ಪ್ರಯಾಣ ಮಾಡಿ ಒಂದೊಂದಾಗಿ ನೋಡಬೇಕಾದ ಐದಾರು ಬಗೆಯ ಆವಾಸಗಳನ್ನು ಇಲ್ಲಿ, ಕಾರನ್ನು ನಿಲ್ಲಿಸಿ ನಿಲ್ಲಿಸಿ ಓಡಿಸಿದರೂ, ಅರ್ಧ ದಿನದಲ್ಲಿ ಸಾಲಾಗಿ ದಾಟಬಹುದು.

ಫ್ಲಾರಿಡಾ ಎಂದೊಡನೆ ಬಿಳಿಯ ಮರಳಿನ ಕಡಲತೀರವನ್ನು ನೆನೆದು ಮಕ್ಕಳಿಗೆ ಈಜುಡುಗೆ ತೊಡಿಸಿಕೊಂಡು ಬರುವವರಿಗೆ ಇಲ್ಲಿ ಏನೂ ಇಲ್ಲ. ಅಪಲಾಚಿ ಕೊಲ್ಲಿಯ ತಳ ಬಹಳ ಆಳವಿಲ್ಲದ್ದು, ಬಹಳ ಅಗಲವಾದದ್ದು. ಮೈಲಿಗಟ್ಟಲೆ ಒಳಗೆ ಹೋದರೂ ನೀರಿನ ಆಳ ಕೆಲವೇ ಮೀಟರ್. ತೆರೆಗಳು ದಡಕ್ಕೆ ಬರುವ ಮೊದಲೇ ಸೋತು ಹೋಗುವುದರಿಂದ ಮರಳನ್ನು ತಂದು ರಾಶಿ ಹಾಕುವ ಬಲ ಅವಕ್ಕಿಲ್ಲ. ಆ ಶಾಂತ ನೀರಿನಲ್ಲಿಯೇ ಜೌಗು ಬೇರೂರಿದೆ, ಕಡಲಹುಲ್ಲು ಹಬ್ಬಿದೆ, ಏಡಿ ಮೀನು ಸೀಗಡಿಗಳ ಮರಿಗಳು ಬೆಳೆಯುತ್ತಿವೆ, ಅವನ್ನು ತಿನ್ನಲು ಹಕ್ಕಿಗಳು ಬರುತ್ತಿವೆ. ಈ ಆಳವಿಲ್ಲದ ತಳವನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಚಂಡಮಾರುತದ ಮಾತು ಬಂದಾಗ ಅದು ಮತ್ತೆ ಬರುತ್ತದೆ.

ಕೆರೆಗಳು ತಾವಾಗಿ ಆದವಲ್ಲ. 1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ ಕೆಲಸವಿಲ್ಲದ ಯುವಕರಿಗಾಗಿ ಸರ್ಕಾರ ನಡೆಸಿದ ಸಿವಿಲಿಯನ್ ಕನ್ಸರ್ವೇಶನ್ ಕೋರ್ ಎಂಬ ಯೋಜನೆಯವರು ಜೌಗಿನ ಅಂಚಿನಲ್ಲಿ ಏರಿ ಹಾಕಿ, ತೂಬು ಇಟ್ಟು, ಮಳೆನೀರು ನಿಲ್ಲುವಂತೆ ಮಾಡಿದರು. ಸ್ಟೋನಿ ಬೈಯೂ, ಈಸ್ಟ್ ರಿವರ್, ಮೌಂಡ್ಸ್, ಲೈಟ್‌ಹೌಸ್ ಪೂಲ್ ಎಂದೆಲ್ಲ ಹೆಸರಿರುವ ಈ ಕೆರೆಗಳ ನೀರನ್ನು ಇಂದಿಗೂ ತೂಬಿನ ಮೂಲಕವೇ ಏರಿಳಿಸುತ್ತಾರೆ. ಬೆಚ್ಚಗಿನ ತಿಂಗಳುಗಳಲ್ಲಿ ನೀರು ಇಳಿಸಿದರೆ ಬೀಜ ಬಿಡುವ ಹುಲ್ಲುಗಳು ಬೆಳೆಯುತ್ತವೆ, ಶರತ್ಕಾಲದಲ್ಲಿ ನೀರು ತುಂಬಿದರೆ ಬಾತುಕೋಳಿಗೆ ಮೇವು ಸಿದ್ಧ. ಏರಿಗಳ ಮೇಲೆ ನಡೆಯಲು ಬಿಡುತ್ತಾರೆ. ಎಡಕ್ಕೆ ಸಿಹಿನೀರು, ಬಲಕ್ಕೆ ಉಪ್ಪುನೀರು, ನಡುವೆ ಗಾಡಿಯೊಂದು ಹೋಗುವಷ್ಟು ಅಗಲದ ಮಣ್ಣು. ಒಂದೇ ಸ್ಥಳದಲ್ಲಿ ನಿಂತು ಆಚೀಚೆ ತಿರುಗಿದರೆ ಎರಡು ಬೇರೆ ಬೇರೆ ಹಕ್ಕಿಪಟ್ಟಿಗಳು ಸಿಗುತ್ತವೆ.

ಫೆಬ್ರುವರಿಯ ಎರಡು ದಿನಗಳಲ್ಲಿ ನಾವು ನೋಡಿದ್ದನ್ನೆಲ್ಲ ಬರೆದರೆ ವಿಮರ್ಶೆ ಹೋಗಿ ಜಮಾಖರ್ಚಿನ ಪುಸ್ತಕವಾದೀತು. ಸೂಜಿಬಾಲದ ಬಾತುಗಳು, ನೀಲಿರೆಕ್ಕೆಯ ಟೀಲ್‌ಗಳು, ತಲೆಯ ಬಿಳಿಜುಟ್ಟನ್ನು ಬಿಚ್ಚಿ ಮುಚ್ಚುವ ಮರ್ಗ್ಯಾನ್ಸರ್‌ಗಳು ಕೆರೆಗಳಲ್ಲಿದ್ದವು. ಹಾವಕ್ಕಿಯೊಂದು ರೆಕ್ಕೆ ಚಾಚಿ ಒಣಗಿಸಿಕೊಳ್ಳುತ್ತಿತ್ತು. ಬಿಳಿತಲೆಯ ಹದ್ದು ಒಣಮರದ ತುದಿಯಲ್ಲಿ ಕುಳಿತು ಆಸ್ಪ್ರೆ ಎಂಬ ಮೀನುಗಿಡುಗ ಹಿಡಿದು ತರುವ ಮೀನಿಗೆ ಕಾಯುತ್ತಿತ್ತು. ಚಳಿಗಾಲದ ಕುಳಿರ್ಗಾಳಿ ಹಾದುಹೋದ ಮರುದಿನ ಉತ್ತರದಿಂದ ಬೀಸುವ ಗಾಳಿ ಕೊಲ್ಲಿಯ ನೀರನ್ನು ದಕ್ಷಿಣಕ್ಕೆ ನೂಕುತ್ತದೆ, ಇಳಿತ ಇನ್ನಷ್ಟು ಇಳಿಯುತ್ತದೆ, ಕೆಸರುಬಯಲು ಎಷ್ಟೋ ದೂರದವರೆಗೆ ತೆರೆದುಕೊಳ್ಳುತ್ತದೆ. ನಮ್ಮ ಎರಡನೆಯ ದಿನ ಅಂಥದ್ದು. ಉಬ್ಬರ-ಇಳಿತದ ವೇಳಾಪಟ್ಟಿಯನ್ನು ನೋಡಿಕೊಂಡು ಹೋದವರಿಗೆ ಮಾತ್ರ ಈ ದೃಶ್ಯ ಸಿಗುತ್ತದೆ. ಮಧ್ಯಾಹ್ನ ಉಬ್ಬರದ ಹೊತ್ತಿಗೆ ಬಂದ ಒಂದು ಕುಟುಂಬ ದೀಪಸ್ತಂಭದ ಚಿತ್ರ ತೆಗೆದುಕೊಂಡು, ಇಲ್ಲಿ ಹಕ್ಕಿಗಳೇ ಇಲ್ಲವಲ್ಲ ಎಂದು ಗೊಣಗಿಕೊಂಡು ಹೋಯಿತು.

ಅಲಿಗೇಟರ್‌ಗಳು ಏರಿಯ ಇಳಿಜಾರಿನಲ್ಲಿ ಬಿಸಿಲು ಕಾಯಿಸುತ್ತ ಮಲಗಿರುತ್ತವೆ. ಅವಕ್ಕೆ ತಿನ್ನಲು ಕೊಡುವುದು ಫ್ಲಾರಿಡಾದಲ್ಲಿ ಕಾನೂನಿಗೆ ವಿರುದ್ಧ. ಹತ್ತಿರ ಹೋಗುವುದು ಬುದ್ಧಿಗೆ ವಿರುದ್ಧ. ನಾಯಿಯನ್ನು ಕರೆದೊಯ್ಯುವವರು ಹಗ್ಗ ಬಿಡಬಾರದು.

ಅಕ್ಟೋಬರ್ ಬೇರೆಯದೇ ಕಾಲ. ಆಗ ಬಾತುಕೋಳಿಗಳಿಗಿಂತ ಮೊನಾರ್ಕ್ ಚಿಟ್ಟೆಗಳಿಗಾಗಿ ಜನ ಬರುತ್ತಾರೆ. ಮೆಕ್ಸಿಕೊದ ಬೆಟ್ಟದ ಕಾಡುಗಳಿಗೆ ಚಳಿಗಾಲ ಕಳೆಯಲು ಹೊರಟ ಚಿಟ್ಟೆಗಳು ಇಲ್ಲಿ ಕಡಲನ್ನು ಕಂಡು ತಂಗುತ್ತವೆ. ಹಿಂದಿನಿಂದ ಉತ್ತರದ ಗಾಳಿ ಬೀಸುವವರೆಗೆ ದೀಪಸ್ತಂಭದ ಸುತ್ತಲಿನ ಉಪ್ಪುಪೊದೆಗಳ ಬಿಳಿಯ ಹೂಗಳಲ್ಲಿ ಮಕರಂದ ಕುಡಿಯುತ್ತ ಕಾಯುತ್ತವೆ. ಸ್ವಯಂಸೇವಕರು ಅವನ್ನು ಮೆಲ್ಲಗೆ ಹಿಡಿದು, ಹಿಂಬದಿಯ ರೆಕ್ಕೆಗೆ ಉಗುರಿಗಿಂತ ಚಿಕ್ಕದಾದ ಚೀಟಿ ಅಂಟಿಸಿ ಬಿಡುತ್ತಾರೆ. ನಾವು ಹೋದ ದಿನ ಗಾಳಿ ದಕ್ಷಿಣದಿಂದ ಬೀಸುತ್ತಿದ್ದುದರಿಂದ ಚಿಟ್ಟೆಗಳು ಹೊರಡಲಾರದೆ ಒಂದೊಂದು ಪೊದೆಯಲ್ಲೂ ಹತ್ತಿಪ್ಪತ್ತು ಕುಳಿತಿದ್ದವು. ಗಾಳಿ ಅವಕ್ಕೆ ಪ್ರತಿಕೂಲವಾದದ್ದು ನಮಗೆ ಅನುಕೂಲವಾಯಿತು. ಅದೇ ದಿನ ಸ್ಟೋನಿ ಬೈಯೂ ಕೆರೆಯ ಏರಿಯಲ್ಲಿ ದುರ್ಬೀನು ಹೂಡಿ ನಿಂತಿದ್ದ ಹಿರಿಯರೊಬ್ಬರು ನಮ್ಮನ್ನು ಕರೆದು, ದೂರದಲ್ಲಿ ಕಾಣುತ್ತಿದ್ದ ಗುಲಾಬಿ ಚುಕ್ಕೆಯೊಂದನ್ನು ತೋರಿಸಿದರು. ಅದು ಫ್ಲೆಮಿಂಗೊ, ಅಂದರೆ ರಾಜಹಂಸ. 2018ರ ಅಕ್ಟೋಬರ್‌ನಲ್ಲಿ ಮೈಕಲ್ ಚಂಡಮಾರುತ ಹಾದುಹೋದ ಮೇಲೆ ಒಂಟಿಯಾಗಿ ಕಾಣಿಸಿಕೊಂಡು, ಹಿಂತಿರುಗದೆ ವರ್ಷಗಟ್ಟಲೆ ಇಲ್ಲಿಯೇ ನೆಲೆನಿಂತ ಈ ಹಕ್ಕಿಗೆ ಸ್ಥಳೀಯರು ಪಿಂಕಿ ಎಂದು ಹೆಸರಿಟ್ಟಿದ್ದರು. 2023ರ ಆಗಸ್ಟ್ 30ರಂದು ಇಡಾಲಿಯಾ ಚಂಡಮಾರುತ ಅಪ್ಪಳಿಸಿದಾಗ ಅಮೆರಿಕದ ಪೂರ್ವಭಾಗದ ಹಲವು ರಾಜ್ಯಗಳಲ್ಲಿ ರಾಜಹಂಸಗಳು ಬಂದಿಳಿದವು. ಸೇಂಟ್ ಮಾರ್ಕ್ಸ್‌ನಲ್ಲಿಯೂ ಇನ್ನಷ್ಟು ಕಂಡವು.

ಬಿರುಗಾಳಿಯ ಕೊಡುಗೆ ಇದೊಂದೇ ಅಲ್ಲ. ಅಳಿವಿನಂಚಿನಲ್ಲಿದ್ದ ವೂಪಿಂಗ್ ಕ್ರೇನ್ ಎಂಬ ಎತ್ತರದ ಬಿಳಿಯ ಕೊಕ್ಕರೆಗಳಿಗೆ ವಲಸೆಯ ದಾರಿ ಕಲಿಸಲು, ಬಿಳಿಯ ನಿಲುವಂಗಿಯಲ್ಲಿ ಮನುಷ್ಯರೂಪವನ್ನು ಮರೆಮಾಡಿಕೊಂಡ ಚಾಲಕರು ಪುಟ್ಟ ವಿಮಾನಗಳಲ್ಲಿ ಮುಂದೆ ಹಾರಿ ಮರಿಗಳನ್ನು ವಿಸ್ಕಾನ್ಸಿನ್‌ನಿಂದ ಫ್ಲಾರಿಡಾಕ್ಕೆ ಕರೆತರುತ್ತಿದ್ದ ಕಾಲವೊಂದಿತ್ತು. ಮೊದಲು ಅವನ್ನು ತರುತ್ತಿದ್ದುದು ಇನ್ನೂ ದಕ್ಷಿಣದ ಚಸಹೊವಿಟ್ಸ್ಕ ವನ್ಯಜೀವಿಧಾಮಕ್ಕೆ. 2007ರ ಫೆಬ್ರುವರಿಯಲ್ಲಿ ಒಂದೇ ರಾತ್ರಿಯ ಬಿರುಗಾಳಿಗೆ ಅಲ್ಲಿನ ಆವರಣದಲ್ಲಿದ್ದ 18 ಮರಿಗಳಲ್ಲಿ 17 ಸತ್ತವು. ಎಲ್ಲವನ್ನೂ ಒಂದೇ ಕಡೆ ಇಡುವುದು ಅಪಾಯವೆಂದು ಮನವರಿಕೆಯಾಗಿ ಹಿಂಡನ್ನು ಎರಡಾಗಿ ಮಾಡಿದರು; 2009ರ ಜನವರಿಯಲ್ಲಿ ಒಂದು ಪಾಲು ಸೇಂಟ್ ಮಾರ್ಕ್ಸ್‌ಗೆ ಬಂತು. ವಿಮಾನದ ಹಿಂದೆ ಹಾರಿಸುವ ಪದ್ಧತಿ 2016ರಲ್ಲಿ ನಿಂತಿತು.

ಇನ್ನು ನನ್ನ ಎರಡನೆಯ ಪ್ರಯಾಣ, ಅಂದರೆ ಆಗದೇ ಹೋದದ್ದು. 2024ರ ಸೆಪ್ಟೆಂಬರ್ 26 ಮತ್ತು 27ರಂದು ವನ್ಯಜೀವಿಧಾಮದಲ್ಲಿರಬೇಕೆಂದು ತಿಂಗಳ ಹಿಂದೆಯೇ ನಿಶ್ಚಯಿಸಿ, 24ರ ರಾತ್ರಿ ಟ್ಯಾಲಹಾಸಿ ತಲುಪಿದ್ದೆವು. ಕೆರಿಬಿಯನ್‌ನಲ್ಲಿ ಗಾಳಿ ಸುತ್ತುತ್ತಿದೆಯೆಂದು ಗೊತ್ತಿತ್ತು. ಅದಕ್ಕೆ ಹೆಲೀನ್ ಎಂಬ ಹೆಸರು ಬಂದದ್ದು ನಾವು ದಾರಿಯಲ್ಲಿದ್ದಾಗ. ಮರುದಿನ ಬೆಳಗ್ಗೆ ಮುನ್ಸೂಚನೆ ನೋಡಿದರೆ, ಅಪಲಾಚಿ ಕೊಲ್ಲಿಯ ಸುತ್ತ ಕಡಲನೀರು ನೆಲದ ಮೇಲೆ ಹತ್ತು ಅಡಿಗೂ ಹೆಚ್ಚು ಏರಬಹುದೆಂದಿತ್ತು. ನಮ್ಮ ಯೋಜನೆಯಲ್ಲಿದ್ದ ಏರಿಗಳು, ಕೆರೆಗಳು, ರಸ್ತೆ, ಕಾರು ನಿಲ್ಲಿಸುವ ಜಾಗ ಇವೆಲ್ಲ ಸೇರಿ ಕಡಲಿಗಿಂತ ಎಷ್ಟು ಎತ್ತರದಲ್ಲಿವೆಯೆಂದು ಲೆಕ್ಕ ಹಾಕುವ ಅಗತ್ಯವೇ ಬೀಳಲಿಲ್ಲ. ಅಂದು ಮಧ್ಯಾಹ್ನವೇ ಉತ್ತರಕ್ಕೆ ಹೊರಟೆವು. ಕರಾವಳಿಯಿಂದ ಬರುವ ಕಾರುಗಳ ಮಧ್ಯೆ ಸಾಗಿದ ಆ ಪ್ರಯಾಣ ಎಷ್ಟು ಗಂಟೆ ಹಿಡಿಯಿತೆಂದು ಇಲ್ಲಿ ಬರೆಯುವುದಿಲ್ಲ.

ಇದರಲ್ಲಿ ನನಗೆ ದೂರಲು ಎರಡು ಸಂಗತಿಗಳಿವೆ, ಎರಡೂ ವನ್ಯಜೀವಿಧಾಮಕ್ಕೆ ಸೇರಿದವಲ್ಲ. ನಾನು ಬಳಸುತ್ತಿದ್ದ ನಕ್ಷೆಯ ಆ್ಯಪ್ 26ರಂದೂ ಆ ಜಾಗಕ್ಕೆ ‘ತೆರೆದಿದೆ’ ಎಂಬ ಹಸಿರು ಅಕ್ಷರವನ್ನೇ ತೋರಿಸುತ್ತಿತ್ತು. ಚಂಡಮಾರುತ ದಡ ಮುಟ್ಟಲು ಕೆಲವೇ ಗಂಟೆಗಳಿದ್ದಾಗಲೂ ಅದು ಬದಲಾಗಲಿಲ್ಲ. ಎರಡನೆಯದಾಗಿ, ರದ್ದು ಮಾಡಿದರೆ ಹಣ ಬಾರದ ಅಗ್ಗದ ದರದಲ್ಲಿ ಕೋಣೆ ಕಾಯ್ದಿರಿಸಿದ್ದ ನನಗೆ, ಊರು ಬಿಡುವಂತೆ ಸೂಚನೆ ಹೊರಬಿದ್ದಿದ್ದರೂ, ಉಳಿದ ಎರಡು ರಾತ್ರಿಗಳ ಹಣ ಹಿಂತಿರುಗಲಿಲ್ಲ. ಚಂಡಮಾರುತದ ಋತುವಿನಲ್ಲಿ ಅಂಥ ದರವನ್ನು ಆರಿಸಿದ ಜಾಣತನ ನನ್ನದೇ ಆದ್ದರಿಂದ ಪೂರ್ತಿ ತಪ್ಪನ್ನು ಅವರ ಮೇಲೆ ಹೊರಿಸಲಾರೆ.

26ರ ರಾತ್ರಿ ಹೆಲೀನ್ ನಾಲ್ಕನೆಯ ದರ್ಜೆಯ ಬಿರುಸಿನಲ್ಲಿ ದಡ ಮುಟ್ಟಿದ್ದು ಅಸಿಲ್ಲ ನದಿಯ ಅಳಿವೆಯ ಹತ್ತಿರ, ಅಂದರೆ ವನ್ಯಜೀವಿಧಾಮದ ಪೂರ್ವದ ಅಂಚಿಗೆ ಸಮೀಪದಲ್ಲಿ. ಇಷ್ಟು ಹತ್ತಿರವಾದರೂ ಸೇಂಟ್ ಮಾರ್ಕ್ಸ್ ಕಡೆ ನೀರು ಹೆದರಿದಷ್ಟು ಏರಲಿಲ್ಲ. ಉತ್ತರಾರ್ಧಗೋಳದಲ್ಲಿ ಚಂಡಮಾರುತದ ಗಾಳಿ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತದೆ. ಆದ್ದರಿಂದ ಕೇಂದ್ರದ ಬಲಕ್ಕೆ ಗಾಳಿ ಕಡಲನ್ನು ನೆಲದ ಮೇಲೆ ತಳ್ಳಿದರೆ, ಎಡಕ್ಕೆ ನೆಲದಿಂದ ಕಡಲಿಗೆ ಬೀಸಿ ನೀರನ್ನು ಹಿಂದಕ್ಕೆ ಒಯ್ಯುತ್ತದೆ. ಸೇಂಟ್ ಮಾರ್ಕ್ಸ್ ಎಡಕ್ಕೆ ಉಳಿಯಿತು, ಪೂರ್ವದ ಊರುಗಳು ಬಲಕ್ಕೆ ಸಿಕ್ಕಿ ಕೊಚ್ಚಿಹೋದವು. ಇದನ್ನು ಓದಿ, ಹಾಗಾದರೆ ವನ್ಯಜೀವಿಧಾಮವನ್ನು ಮುಚ್ಚಿದ್ದು ಅತಿಯಾಯಿತಲ್ಲವೇ ಎಂದು ನನ್ನ ಪರಿಚಯದವರೊಬ್ಬರು ಕೇಳಿದರು. ಚಂಡಮಾರುತದ ಕೇಂದ್ರ ಹತ್ತಿಪ್ಪತ್ತು ಮೈಲಿ ಪಶ್ಚಿಮಕ್ಕೆ ಸರಿದಿದ್ದರೆ ಲೈಟ್‌ಹೌಸ್ ರಸ್ತೆಯ ಮೇಲೆ ದೋಣಿ ಹಾಯಿಸಬಹುದಾಗಿತ್ತು; ಅದು ಸರಿಯುವುದಿಲ್ಲವೆಂದು ಹಿಂದಿನ ದಿನ ಯಾರಿಗೂ ಹೇಳಲು ಸಾಧ್ಯವಿರಲಿಲ್ಲ. ಒಂದೇ ಒಂದು ರಸ್ತೆ, ಅದರ ಕೊನೆ ಕಡಲಿನಲ್ಲಿ. ಒಳಗೆ ಸಿಕ್ಕಿಬಿದ್ದವರಿಗೆ ಬೇರೆ ದಾರಿಯಿಲ್ಲ. ಆಳವಿಲ್ಲದ ಕಡಲತಳದ ಮಾತು ಇಲ್ಲಿ ಮತ್ತೆ ಬರುತ್ತದೆ. ಆಳವಿದ್ದಲ್ಲಿ ಗಾಳಿ ನೂಕಿದ ನೀರು ಕೆಳಗಿನಿಂದ ಹಿಂದಕ್ಕೆ ಹರಿದುಹೋಗುತ್ತದೆ. ತಳ ಮೇಲೆಯೇ ಇದ್ದರೆ, ಅದರಲ್ಲೂ ದಡ ಬಟ್ಟಲಿನಂತೆ ಬಾಗಿದ್ದರೆ, ನೀರಿಗೆ ಹಿಂತಿರುಗಲು ದಾರಿಯಿಲ್ಲದೆ ನೆಲದ ಮೇಲೆ ಏರಿ ಬರುತ್ತದೆ. ದಿನವೂ ಮರಿಮೀನುಗಳನ್ನು ಸಾಕುವ ತಳವೇ ಆ ದಿನ ಕಡಲನ್ನು ಎತ್ತಿ ಕೊಡುತ್ತದೆ.

ಇದರ ಹಳೆಯ ಸಾಕ್ಷಿ ವನ್ಯಜೀವಿಧಾಮದೊಳಗೇ ಇದೆ. ಸೇಂಟ್ ಮಾರ್ಕ್ಸ್ ನದಿಯ ದಡದಲ್ಲಿ ಪೋರ್ಟ್ ಲಿಯಾನ್ ಎಂಬ ಬಂದರು ಊರಿತ್ತು. 1843ರ ಸೆಪ್ಟೆಂಬರ್‌ನ ಚಂಡಮಾರುತ ಅದನ್ನು ಹಾಳುಮಾಡಿದಾಗ ಜನ ಮತ್ತೆ ಕಟ್ಟುವ ಯೋಚನೆಯನ್ನೇ ಬಿಟ್ಟು, ನದಿಯಲ್ಲಿ ಮೇಲಕ್ಕೆ ಹೋಗಿ ಹೊಸ ಊರು ಮಾಡಿಕೊಂಡು ಅದಕ್ಕೆ ನ್ಯೂ ಪೋರ್ಟ್ ಎಂದೇ ಹೆಸರಿಟ್ಟರು. ಇಂದು ನಾವು ಹೆದ್ದಾರಿಯಿಂದ ತಿರುಗುವ ನ್ಯೂಪೋರ್ಟ್ ಅದೇ. ದೀಪಸ್ತಂಭ ಮಾತ್ರ ಆ ಚಂಡಮಾರುತಕ್ಕೂ ಬೀಳಲಿಲ್ಲ. ಮೊದಲು 1831ರಲ್ಲಿ ಕಟ್ಟಿ, ಗೋಡೆ ಪೊಳ್ಳಾಗಿದೆಯೆಂದು ಒಪ್ಪದೆ ಮತ್ತೆ ಕಟ್ಟಿಸಿ, ಕೊರೆತದ ಭಯಕ್ಕೆ 1842ರಲ್ಲಿ ಒಳಗೆ ಸರಿಸಿ ಕಟ್ಟಿದ ಸುಮಾರು 80 ಅಡಿಯ ಈ ಬಿಳಿಯ ಗೋಪುರ, ಬುಡದಲ್ಲಿ 4 ಅಡಿ ದಪ್ಪದ ಗೋಡೆಯೊಂದಿಗೆ ಅಂದಿನಿಂದ ಅಲ್ಲಿಯೇ ನಿಂತಿದೆ. ನೋಡಲು ಚೆಂದ; ಪ್ರವಾಸಿ ಚಿತ್ರಗಳಲ್ಲಿ ಬೇಕಾದಷ್ಟು ಸಲ ಬಂದಿರುವುದರಿಂದ ಅದರ ವರ್ಣನೆಗೆ ಹೆಚ್ಚು ಜಾಗ ಕೊಡುವುದಿಲ್ಲ.

ಬಿರುಗಾಳಿ ನಿಂತ ಮರುದಿನವೇ ಬಾಗಿಲು ಏಕೆ ತೆರೆಯುವುದಿಲ್ಲ ಎಂಬ ಪ್ರಶ್ನೆಗೆ ಉತ್ತರ ಫೆಬ್ರುವರಿಯಲ್ಲಿ ಏರಿಯ ಮೇಲೆ ನಡೆಯುವಾಗ ಸಿಕ್ಕಿತು. ಹೆಲೀನ್ ಕಳೆದು ನಾಲ್ಕು ತಿಂಗಳು ದಾಟಿದ್ದರೂ ಜೌಗಿನ ಬದಿಯಲ್ಲಿ, ಒಣಗಿದ ಜೊಂಡಿನ ಹೊರೆಗಳು ನೀರು ಎಲ್ಲಿಯವರೆಗೆ ಬಂದಿತ್ತೆಂಬುದಕ್ಕೆ ಗೆರೆ ಎಳೆದಂತೆ ಬಿದ್ದಿದ್ದವು. ಕಡಲು ಏರಿ ಬಂದಾಗ ಇಂಥ ಹೊರೆಗಳು, ಮರದ ತೊಲೆಗಳು, ಯಾರದೋ ದೋಣಿಕಟ್ಟೆಯ ಹಲಗೆಗಳು ರಸ್ತೆಯ ಮೇಲೆ ಬಂದು ಕೂರುತ್ತವೆ. ಅವುಗಳಡಿ ಹಾವುಗಳು ಆಶ್ರಯ ಪಡೆಯುತ್ತವೆ. ಏರಿ ಎಲ್ಲಾದರೂ ಕೊರೆದಿದೆಯೇ ಎಂದು ನೋಡದೆ ಅದರ ಮೇಲೆ ಜನರನ್ನು ಬಿಡುವಂತಿಲ್ಲ. ಕಣ್ಣಿಗೆ ಕಾಣದ ಕೆಲಸ ಇನ್ನೂ ಹೆಚ್ಚು. ಸಿಹಿನೀರಿನ ಕೆರೆಗೆ ಕಡಲು ನುಗ್ಗಿದರೆ ಒಳಗಿನ ಮೇವಿನ ಗಿಡಗಳು ಸಾಯುತ್ತವೆ; ಇಳಿತದ ಹೊತ್ತು ನೋಡಿ ತೂಬು ತೆರೆದು ಉಪ್ಪುನೀರನ್ನು ಹೊರಬಿಡಬೇಕು, ಆಮೇಲೆ ಮಳೆಗೆ ಕಾಯಬೇಕು. ಪೈನ್ ಕಾಡಿನ ಮಳೆಗುಂಡಿಗಳಲ್ಲಿ ಬದುಕುವ, ಹಲ್ಲಿಯಂತೆ ಕಾಣುವ ಉಭಯವಾಸಿಯಾದ ಫ್ರಾಸ್ಟೆಡ್ ಫ್ಲ್ಯಾಟ್‌ವುಡ್ಸ್ ಸಾಲಮಾಂಡರ್‌ನ ಕಥೆ ಇದಕ್ಕಿಂತ ಕಠಿಣ. ಅದು ಶರತ್ಕಾಲದಲ್ಲಿ ಒಣಗಿದ ಗುಂಡಿಯ ನೆಲದಲ್ಲಿ ಮೊಟ್ಟೆ ಇಟ್ಟು, ಮಳೆ ಬಂದು ನೀರು ತುಂಬಿದಾಗ ಮರಿಗಳು ಹೊರಬರಲಿ ಎಂದು ಬಿಟ್ಟುಹೋಗುತ್ತದೆ. ಮಳೆಯ ಬದಲು ಕಡಲು ಬಂದು ತುಂಬಿದರೆ ಆ ವರ್ಷದ ಸಂತಾನ ಮುಗಿದಂತೆ. ಜಗತ್ತಿನಲ್ಲಿ ಈ ಜೀವಿಗೆ ಉಳಿದಿರುವ ಕೆಲವೇ ನೆಲೆಗಳಲ್ಲಿ ಸೇಂಟ್ ಮಾರ್ಕ್ಸ್ ಮುಖ್ಯವಾದದ್ದು. ಜೌಗಿಗೆ ತಾಗಿದ ಕಾಡಿನ ಅಂಚಿನಲ್ಲಿ ಬುಡಕ್ಕೆ ಉಪ್ಪು ಹತ್ತಿ ಸತ್ತ ಪೈನ್ ಮತ್ತು ತಾಳೆಗಳು ಬೋಳು ಕಂಬಗಳಂತೆ ನಿಂತಿರುವುದನ್ನು ಕಾರಿನಿಂದಲೇ ನೋಡಬಹುದು. ಬಿರುಗಾಳಿ ಇಲ್ಲದ ವರ್ಷಗಳಲ್ಲಿಯೂ ಮೆಲ್ಲಗೆ ಏರುತ್ತಿರುವ ಕಡಲಿನ ಕೆಲಸ ಅದು.

ಮುಚ್ಚಲು ಬಿರುಗಾಳಿಯೊಂದೇ ಕಾರಣವಲ್ಲ. ಪೈನ್ ಕಾಡಿಗೆ ಬೆಂಕಿ ಬೇಕು. ಅದಿಲ್ಲದಿದ್ದರೆ ಕೆಳಗೆ ಪೊದೆ ಬೆಳೆದು, ಹಳೆಯ ಪೈನ್‌ಗಳಲ್ಲಿ ಗೂಡು ಕೊರೆಯುವ ಅಪರೂಪದ ರೆಡ್-ಕಾಕೇಡೆಡ್ ಮರಕುಟಿಗಕ್ಕೂ ಮೇಲೆ ಹೇಳಿದ ಸಾಲಮಾಂಡರ್‌ಗೂ ನೆಲೆ ತಪ್ಪುತ್ತದೆ. ಹಾಗಾಗಿ ಸಿಬ್ಬಂದಿಯೇ ಗಾಳಿ, ತೇವ ನೋಡಿಕೊಂಡು ಕಾಡಿನ ಪಾಲುಗಳಿಗೆ ಸರದಿಯಂತೆ ಬೆಂಕಿ ಇಡುತ್ತಾರೆ. ಆ ದಿನಗಳಲ್ಲಿ ಕೆಲವು ಕಾಲುದಾರಿಗಳು ಮುಚ್ಚಿರಬಹುದು. ಶರತ್ಕಾಲ ಮತ್ತು ಚಳಿಗಾಲದಲ್ಲಿ ಗೊತ್ತುಪಡಿಸಿದ ಕೆಲವು ದಿನ ಬೇಟೆಗೂ ಅನುಮತಿಯಿದೆ. ಪೈನ್ ಕಾಡಿನ ಒಳದಾರಿಗಳಲ್ಲಿ ನಡೆಯಬೇಕೆನ್ನುವವರು ಆ ದಿನಗಳನ್ನು ಕೇಳಿ ತಿಳಿದುಕೊಂಡು, ಎದ್ದುಕಾಣುವ ಕಿತ್ತಳೆ ಬಣ್ಣದ ಬಟ್ಟೆ ತೊಡುವುದು ಕ್ಷೇಮ.

ಬೇಸಿಗೆಯಲ್ಲಿ ಹೋಗಬಾರದೆಂದು ಹೇಳಲಾರೆ, ಆದರೆ ನಾನು ಹೋಗುವುದಿಲ್ಲ. ಸೊಳ್ಳೆ, ಕಚ್ಚಿದ ಮೇಲಷ್ಟೇ ಇರವು ತಿಳಿಯುವ ನೊಣ, ರಕ್ತ ಹೀರುವ ಕುದುರೆನೊಣ ಇವುಗಳ ಪಾಳಿ ಬೇರೆ ಬೇರೆ ಹೊತ್ತಿನಲ್ಲಿರುವುದರಿಂದ ದಿನದ ಯಾವ ಗಂಟೆಯೂ ಬಿಡುವಿಲ್ಲ. ಏರಿಗಳ ಮೇಲೆ ನೆರಳೆಂಬುದಿಲ್ಲ. ಅಕ್ಟೋಬರ್‌ನಲ್ಲಿಯೇ ನನಗೆ ಎರಡು ಲೀಟರ್ ನೀರು ಸಾಲಲಿಲ್ಲ. ಊಟ, ನೀರು, ಸೊಳ್ಳೆಗೆ ಹಚ್ಚುವ ಎಣ್ಣೆ, ಟೋಪಿ ಇವನ್ನೆಲ್ಲ ಹೊರಗಿನಿಂದಲೇ ತರಬೇಕು, ಕಸವನ್ನು ಹೊರಗೇ ಒಯ್ಯಬೇಕು. ಫೋನಿನ ಸಿಗ್ನಲ್ ಕಡಲಿನತ್ತ ಹೋದಂತೆ ನಮಗೆ ಕೈಕೊಟ್ಟಿತು. ನಕ್ಷೆಯನ್ನು ಕೇಂದ್ರದಲ್ಲಿ ಕಾಗದದ ಮೇಲೆ ಪಡೆದುಕೊಳ್ಳುವುದು ವಾಸಿ.

ಹೆಚ್ಚು ನಡೆಯಲಾರದವರನ್ನು ಕರೆದುಕೊಂಡು ಹೋಗುವುದಕ್ಕೆ ಇದು ಹೇಳಿ ಮಾಡಿಸಿದ ಜಾಗ. ಫೆಬ್ರುವರಿಯಲ್ಲಿ ನಮ್ಮೊಂದಿಗೆ ಮಂಡಿನೋವಿನ ಅತ್ತೆಯವರಿದ್ದರು. ಅವರು ಕಾರಿನ ಕಿಟಕಿಯಿಂದ, ಮತ್ತು ಲೈಟ್‌ಹೌಸ್ ಪೂಲ್ ಬದಿಯ ವೀಕ್ಷಣಾ ಕಟ್ಟೆಯಿಂದ ನೋಡಿದ ಹಕ್ಕಿಗಳ ಸಂಖ್ಯೆ, ಬೆಳಗ್ಗೆಯಿಂದ ಏರಿ ಸುತ್ತಿ ಬಂದ ನಮ್ಮದಕ್ಕಿಂತ ಬಹಳ ಕಡಿಮೆಯೇನಿರಲಿಲ್ಲ. ನಡೆಯಬಲ್ಲವರು ದೀಪಸ್ತಂಭದ ಹತ್ತಿರದ ಲೆವೀ ಟ್ರೇಲ್ ಮತ್ತು ಸೀಡರ್ ಪಾಯಿಂಟ್ ದಾರಿಗಳನ್ನು ಬೆಳಗ್ಗೆ ಮುಗಿಸಿ, ಬಿಸಿಲೇರಿದ ಮೇಲೆ ಟವರ್ ಪಾಂಡ್ ದಾರಿಯ ಓಕ್ ನೆರಳಿಗೆ ಬರುವುದು ಒಳ್ಳೆಯ ಕ್ರಮ. ಇನ್ನೊಂದು ದಿನ ಸಿಕ್ಕಿದರೆ ಪಶ್ಚಿಮಕ್ಕೆ ಪನಸೀಯ ಭಾಗದ ಆಟರ್ ಕೆರೆಗೆ ಹೋಗಬಹುದು. ನೀರಿನಲ್ಲಿ ನಿಂತ ಸೈಪ್ರೆಸ್ ಮರಗಳ ತುದಿಯಲ್ಲಿ ಆಸ್ಪ್ರೆಗಳ ಗೂಡುಗಳಿವೆ, ಜನ ಬಹಳ ಕಡಿಮೆ.

ಚಂಡಮಾರುತದ ಅಧಿಕೃತ ಋತು ಜೂನ್ 1ರಿಂದ ನವೆಂಬರ್ 30ರವರೆಗೆ. ಚಿಟ್ಟೆಗಳ ಅಕ್ಟೋಬರ್ ಆ ಅವಧಿಯ ಒಳಗೇ ಬೀಳುತ್ತದೆ, ಬಾತುಕೋಳಿಗಳ ಡಿಸೆಂಬರ್‌ನಿಂದ ಫೆಬ್ರುವರಿ ಹೊರಗೆ. ನಿಶ್ಚಿಂತೆ ಬೇಕೆನ್ನುವವರು ಚಳಿಗಾಲವನ್ನು ಆರಿಸಿಕೊಳ್ಳಲಿ. ಅಕ್ಟೋಬರ್‌ಗೇ ಹೊರಡುವವರು ಒಂದು ವಾರ ಮೊದಲಿನಿಂದ ರಾಷ್ಟ್ರೀಯ ಚಂಡಮಾರುತ ಕೇಂದ್ರದ ಮುನ್ಸೂಚನೆಯನ್ನೂ, ಹೊರಡುವ ಬೆಳಗ್ಗೆ ವನ್ಯಜೀವಿಧಾಮದ ಸ್ವಂತ ಪ್ರಕಟಣೆಯನ್ನೂ ನೋಡಬೇಕು. ನಕ್ಷೆಯ ಹಸಿರು ಅಕ್ಷರವನ್ನು ನಂಬಬಾರದು. ಚಿಟ್ಟೆಗಳನ್ನು ಇನ್ನೊಮ್ಮೆ ನೋಡಬೇಕೆಂದು ಮನೆಯಲ್ಲಿ ಆಗಲೇ ಮಾತು ಶುರುವಾಗಿದೆ. ಟ್ಯಾಲಹಾಸಿಯಲ್ಲಿ ಕೋಣೆಯನ್ನೂ ನೋಡಿಟ್ಟಿದ್ದೇನೆ. ರಾತ್ರಿಗೆ 20 ಡಾಲರ್ ಹೆಚ್ಚು, ಆದರೆ ಹಿಂದಿನ ದಿನದವರೆಗೂ ರದ್ದು ಮಾಡಬಹುದು.